ನಮ್ಮ ಮನೆಯ ಬೂದಿ

ನಾಯಿಯ ಸ್ವಾಮಿಭಕ್ತಿಯನ್ನು ಹೊಗಳದವರಿಲ್ಲ. ಬೆಕ್ಕಿನ ಪಾಲಿಗಾದರೋ ಹಿರಿಯರು ಬಿಟ್ಟುಹೋದುದು ಬರಿಯ ನಿಂದೆಯ ಗಾದೆಗಳನ್ನು. ಕಣ್ಣು ಮುಚ್ಚಿ ಹಾಲು ಕುಡಿಯುವುದೆಂಬ ಅಪವಾದ ಒಂದು. ತನ್ನ ಆಟಕ್ಕಾಗಿ ಇಲಿಯ ಪ್ರಾಣ ಹಿಂಡುವುದೆಂಬುದು ಇನ್ನೊಂದು. ಎರಡನೆಯದು ನಿಜವೇ. ಮೊದಲನೆಯದು ಮಾತ್ರ ಬೆಕ್ಕನ್ನು ಸಾಕಿದವರು ಒಪ್ಪತಕ್ಕ ಮಾತಲ್ಲ. ಹಾಲು ಕುಡಿಯುವಾಗ ಅದರ ಕಣ್ಣು ಅರೆಮುಚ್ಚಿದಂತೆ ಕಂಡರೂ ಕಿವಿಗಳು ಅಡುಗೆಮನೆಯ ಬಾಗಿಲ ಕಡೆಗೇ ತಿರುಗಿರುವುವು. ಲೋಕವು ತನ್ನನ್ನು ನೋಡುತ್ತಿಲ್ಲವೆಂದು ಬೆಕ್ಕು ಎಂದೂ ಭ್ರಮಿಸಿದುದಿಲ್ಲ.

ನಾವು ಅಕ್ಕತಂಗಿಯರು ಮೂವರೂ ಈ ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಒಂದು ಹೆಣ್ಣು ಬೆಕ್ಕು ಇದ್ದಿತು. ಬಚ್ಚಲ ಒಲೆಯ ಬೆಚ್ಚನೆಯ ಬೂದಿಯೇ ಅದರ ಹಾಸಿಗೆಯಾದುದರಿಂದ ಬೂದಿಯೆಂದೇ ಹೆಸರಾಯಿತು. ಬೀದಿಯಲ್ಲಿ ತರಕಾರಿಯವನೂ ಹಳೆಯ ಪಾತ್ರೆಯವನೂ ಕೂಗಿಕೊಂಡು ಹೋದರೆ ಅದು ಕಣ್ಣು ಸಹ ತೆರೆಯದು. ಮೀನಿನ ಹೆಂಗಸಿನ ಕೂಗು ತಿರುವಿನಾಚೆ ಎದ್ದಿತೋ, ನಮಗೆ ಕೇಳಿಸುವುದಕ್ಕೆ ಮೊದಲೇ ಜಗಲಿಯ ಮೆಟ್ಟಿಲ ಮೇಲೆ ಹಾಜರು. ತಂದೆಯವರು ಕಚೇರಿಯಿಂದ ಬಂದಾಗ ತಲೆ ಎತ್ತದ ಈ ಪ್ರಾಣಿ, ಬಂಗುಡೆಯ ಬುಟ್ಟಿಯನ್ನು ಹೊತ್ತವಳನ್ನು ಮಾತ್ರ ಬಾಲವನ್ನೆತ್ತಿಕೊಂಡು ಗೇಟಿನಿಂದ ಬಾಗಿಲವರೆಗೂ ಕರೆತರುತ್ತಿದ್ದಿತು.

ಅಡುಗೆಮನೆಯ ಬಾಗಿಲಿಗೆ ಸರಪಳಿಯ ಚಿಲಕವಿದ್ದಿತು. ಅದರ ತುದಿಯನ್ನು ಹಿಂಗಾಲ ಮೇಲೆ ನಿಂತು ತಟ್ಟಿದರೆ ಸದ್ದಾಗುವುದೆಂದೂ, ಸದ್ದಾದರೆ ನಮ್ಮಲ್ಲಿ ಒಬ್ಬರು ಓಡಿ ಬರುವರೆಂದೂ ಬೂದಿ ಕಂಡುಕೊಂಡಿದ್ದಿತು. ಅಮೇರಿಕದ ಥಾರ್ನ್‌ಡೈಕ್ ಎಂಬ ವಿದ್ವಾಂಸರು 1898ರಲ್ಲಿ ಹಸಿದ ಬೆಕ್ಕುಗಳನ್ನು ಪಂಜರದಂತಹ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಿದರು. ಅವು ಎಲ್ಲೆಲ್ಲೋ ಪರಚಿ, ಅಕಸ್ಮಾತ್ತಾಗಿ ದಾರವನ್ನೆಳೆದೋ ಅಗುಳಿಯನ್ನು ಸರಿಸಿಯೋ ಹೊರಬಂದು, ಮುಂದೆ ಅದೇ ಕೆಲಸವನ್ನು ಬರುಬರುತ್ತ ಬೇಗನೆ ಮಾಡಲು ಕಲಿತವಂತೆ. ಇದು ಅಭ್ಯಾಸಬಲವೇ ಹೊರತು ವಿವೇಚನೆಯಲ್ಲವೆಂದು ಅವರ ತೀರ್ಮಾನ. ಇರಬಹುದು. ಆದರೆ ಆ ಬೆಕ್ಕುಗಳು ದಾರವನ್ನು ತಾವೇ ಎಳೆಯಬೇಕಾಗಿದ್ದಿತು. ನಮ್ಮ ಮನೆಯಲ್ಲಿ ಆ ದಾರದ ಸ್ಥಾನದಲ್ಲಿ ನಾವಿದ್ದೆವು.

ಹೆಸರು ಹಿಡಿದು ಕೂಗಿದರೆ ಮಾತ್ರ ಬೂದಿ ಬರುತ್ತಿರಲಿಲ್ಲ. ಕಿವಿಯೊಂದು ನಮ್ಮತ್ತ ಹೊರಳುವುದು, ಮತ್ತೆ ಸ್ವಸ್ಥಾನಕ್ಕೆ ಮರಳುವುದು, ಅಷ್ಟೇ. ಕಿವುಡೆಂದು ಕೆಲವರು, ಅಹಂಕಾರವೆಂದು ಕೆಲವರು. ಜಪಾನಿನಲ್ಲಿ ಅಟ್ಸುಕೋ ಸೈಟೋ ಎಂಬ ವಿದುಷಿ ತಮ್ಮ ಸಂಗಡಿಗರೊಂದಿಗೆ ನಡೆಸಿ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬೆಕ್ಕುಗಳು ಒಡೆಯರ ಧ್ವನಿಯನ್ನು ಅಪರಿಚಿತರ ಧ್ವನಿಯಿಂದ ಬೇರ್ಪಡಿಸಬಲ್ಲವೆಂದು ತಿಳಿದುಬಂದಿತು. ತಮ್ಮ ಹೆಸರನ್ನು ಬೇರೆ ಮಾತುಗಳಿಂದ ಬೇರ್ಪಡಿಸಬಲ್ಲವೆಂದು 2019ರಲ್ಲಿ ಅವರೇ ತೋರಿಸಿಕೊಟ್ಟರು. ಕಿವಿಯನ್ನೂ ತಲೆಯನ್ನೂ ತಿರುಗಿಸಿದುವೇ ಹೊರತು ಬಹುಪಾಲು ಬೆಕ್ಕುಗಳು ಎದ್ದು ಬರಲಿಲ್ಲ. ಇದನ್ನು ತಿಳಿಯಲು ಜಪಾನಿಗೆ ಹೋಗಬೇಕಾಗಿರಲಿಲ್ಲವೆಂದು ನಮ್ಮ ತಾಯಿಯವರ ಅಭಿಪ್ರಾಯ.

ಬೂದಿಯೊಡನೆ ಮನುಷ್ಯರೊಡನೆಂಬಂತೆ ಮಾತನಾಡುತ್ತಿದ್ದವರು ಅಜ್ಜಿಯವರೊಬ್ಬರೇ. ಕಣ್ಣಿನ ನರಗಳು ಸೊರಗಿ ಅವರ ದೃಷ್ಟಿ ಪೂರ್ತಿಯಾಗಿ ಹೋಯಿತು. ಗೋಡೆಯನ್ನು ಮುಟ್ಟಿಕೊಂಡು ಕೋಣೆಯಿಂದ ಅಡುಗೆಮನೆಗೆ ನಡೆಯುವರು. ಯಾರು ಅಡುಗೆಮನೆಗೆ ಹೊರಟರೂ ಅವರ ಕಾಲುಗಳ ನಡುವೆ ಸುತ್ತಿಕೊಂಡೇ ನಡೆಯುವುದು ಬೂದಿಯ ಪದ್ಧತಿ. ಅಜ್ಜಿಯವರು ಎರಡು ಸಲ ಅದರ ಬಾಲವನ್ನು ತುಳಿದರು. ಎರಡನೆಯ ಸಲ ತಾವೇ ಮುಗ್ಗರಿಸಿ, ದೈವವಶಾತ್ ಬಾಗಿಲ ಚೌಕಟ್ಟು ಕೈಗೆ ಸಿಕ್ಕಿ ಉಳಿದುಕೊಂಡರು.

“ಇನ್ನೊಮ್ಮೆ ಬಿದ್ದರೆ ಅಮ್ಮನ ಸೊಂಟ ಉಳಿಯದು,” ಎಂದರು ತಂದೆಯವರು. ಶನಿವಾರ ತೆಂಗಿನಕಾಯಿ ತರುವ ಆಳಿನ ಸಂಗಡ ಬೂದಿಯನ್ನು ಗೋಣಿಯಲ್ಲಿ ಕಟ್ಟಿ ಊರಿನ ತೋಟಕ್ಕೆ ಕಳುಹಿಸುವುದೆಂದು ಗೊತ್ತಾಯಿತು. ತಂದೆಯವರು ಹೇಳಿದುದರಲ್ಲಿ ಅನ್ಯಾಯವಿರಲಿಲ್ಲ. ಆದುದರಿಂದಲೇ ನಮಗೆ ಎದುರಾಡಲು ಮಾತು ಸಿಕ್ಕಲಿಲ್ಲ, ಅಳು ಮಾತ್ರ ಬಂದಿತು. ಅಜ್ಜಿಯವರು, “ನಿನಗೆ ತೋರಿದಂತೆ ಮಾಡು, ಮಗಾ,” ಎಂದಷ್ಟೇ ಹೇಳಿ ಗೋಡೆಯ ಕಡೆಗೆ ಮುಖ ಮಾಡಿದರು.

ಮಳೆ ಹಿಡಿದು ಆಳು ಎರಡು ವಾರ ಬರಲಿಲ್ಲ. ಆ ಅವಧಿಯಲ್ಲಿ ಒಂದು ವಿಚಿತ್ರವನ್ನು ಕಂಡೆವು. ಅಜ್ಜಿಯವರು ಏಳುತ್ತಲೇ ಬೂದಿ ಅವರ ಕಾಲಿನ ಬಳಿಗೆ ಹೋಗದೆ, ನಾಲ್ಕು ಹೆಜ್ಜೆ ಮುಂದೆ ನಿಂತು ಗಿಡ್ಡವಾದ ಒಂದು ಕೂಗು ಹಾಕುವುದು. ಅವರು ಸಮೀಪಿಸಿದರೆ ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಅದೇ ಕೂಗು. “ಬಂದೆ, ತಾಯೀ, ಬಂದೆ,” ಎನ್ನುತ್ತ ಅಜ್ಜಿಯವರು ಆ ಧ್ವನಿಯ ಜಾಡಿನಲ್ಲಿ ನಡೆಯುವರು. ತಂದೆಯವರು ಪತ್ರಿಕೆಯ ಮರೆಯಿಂದ ಇದನ್ನು ಮೂರು ಸಂಜೆ ನೋಡಿದರು. ಆಳು ಬಂದಾಗ ಗೋಣಿಗಳನ್ನು ಬರಿದಾಗಿಯೇ ಕೊಟ್ಟು ಕಳುಹಿಸಿದರು. ಏನನ್ನೂ ಹೇಳಲಿಲ್ಲ.

ಅಜ್ಜಿಯವರಿಗೆ ಕಣ್ಣಿಲ್ಲವೆಂದು ಬೆಕ್ಕಿಗೆ ತಿಳಿದಿದ್ದಿತೇ? ಬಿಸಿಹಾಲಿಗೆ ಮೂತಿಯಿಟ್ಟು ಸುಟ್ಟುಕೊಂಡ ಮೇಲೆ ಹಾಲೆಂದರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕಿನಂತೆ, ತುಳಿಸಿಕೊಂಡ ಬಾಲವೇ ಇದಕ್ಕೆ ಗುರುವೆಂದು ಥಾರ್ನ್‌ಡೈಕರು ಹೇಳಿಯಾರು. ಅದು ಅಜ್ಜಿಯವರನ್ನು ಕರೆದೊಯ್ಯುತ್ತಿದ್ದುದು ಯಾವಾಗಲೂ ಹಾಲಿನ ಪಾತ್ರೆಯ ಕಡೆಗೇ ಎಂಬುದನ್ನೂ ಮುಚ್ಚಿಡಲಾಗದು. ಆದರೆ ಬಾಲದ ಭಯವೊಂದೇ ಆಗಿದ್ದರೆ ದೂರ ಸರಿದಿದ್ದರೆ ಸಾಕಾಗಿದ್ದಿತು, ಕೂಗಬೇಕಾದುದೇನು? ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ ಮ್ಯಾವ್ ಎನ್ನುವುದು ವಿರಳ; ಅದು ಹೆಚ್ಚಾಗಿ ಮನುಷ್ಯರೊಡನೆ ಆಡುವ ಮಾತು. ಆಹಾರ ಕೇಳುವಾಗ ಕೆಲವು ಬೆಕ್ಕುಗಳು ತಮ್ಮ ಗುರುಗುರು ಶಬ್ದದೊಳಗೆ ಎಳೆಗೂಸಿನ ಅಳುವನ್ನು ಹೋಲುವ ಸ್ವರವನ್ನು ಸೇರಿಸುವುವೆಂದು ಇಂಗ್ಲೆಂಡಿನ ಕ್ಯಾರೆನ್ ಮೆಕೂಂಬ್ ಎಂಬವರು 2009ರಲ್ಲಿ ತಿಳಿಸಿದರು. ಯಾರ ಮುಂದೆ ಯಾವ ಉಪಾಯ ಸಲ್ಲುವುದೆಂಬ ಲೆಕ್ಕ ಬೂದಿಗೂ ಇದ್ದಿತು. ನಮ್ಮನ್ನು ದಿಟ್ಟಿಸಿ ನೋಡಿಯೇ ಎಬ್ಬಿಸುತ್ತಿದ್ದಿತು. ನೋಟವು ನಿಷ್ಫಲವಾದ ಒಬ್ಬರಿಗೆ ಮಾತ್ರ ಧ್ವನಿ.

ಎರಡು ವರ್ಷಗಳ ತರುವಾಯ ಅಜ್ಜಿಯವರು ತೀರಿಕೊಂಡರು. ಕೆಲವು ದಿನ ಸಂಜೆ ನಾಲ್ಕರ ಹೊತ್ತಿಗೆ ಬೂದಿ ಅವರ ಕೋಣೆಯ ಹೊಸ್ತಿಲಲ್ಲಿ ನಿಂತು ಆ ಗಿಡ್ಡ ಕೂಗನ್ನು ಹಾಕಿತು, ಬಳಿಕ ನಿಲ್ಲಿಸಿತು. ಮುಂದೆ ಬದುಕಿದ ಆರು ವರ್ಷಗಳಲ್ಲಿಯೂ ನಮ್ಮಿಂದ ಬೇಕಾದುದನ್ನೆಲ್ಲ ದಿಟ್ಟಿಸಿಯೂ ಚಿಲಕ ತಟ್ಟಿಯೂ ಪಡೆದುಕೊಂಡಿತು. ಆ ಕೂಗು ಮತ್ತೆ ಕೇಳಲಿಲ್ಲ. ಒಮ್ಮೆ ನಮ್ಮ ಕಿರಿಯವಳು ಅದನ್ನು ಕೇಳುವ ಆಸೆಯಿಂದ ಕಣ್ಣು ಮುಚ್ಚಿಕೊಂಡು, ಗೋಡೆಯನ್ನು ಮುಟ್ಟುತ್ತ ಅಜ್ಜಿಯವರಂತೆಯೇ ಮೆಲ್ಲಮೆಲ್ಲನೆ ನಡೆದಳು. ಬೂದಿ ಬಂದು ಅವಳ ಕಾಲುಗಳ ನಡುವೆ ಸುತ್ತಿಕೊಂಡಿತು.