ಅಟ್ಟದ ಮೇಲಿನ ಪೆಟ್ಟಿಗೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಅವೆರಡನ್ನೂ ಒಂದೇ ಮಧ್ಯಾಹ್ನದಲ್ಲಿ, ಕುಳಿತ ಕುರ್ಚಿಯಿಂದ ಏಳದೆ ಮುಗಿಸಬಹುದಾದ ಕಾಲವೊಂದು ಬಂದೀತೆಂದು ಕನಸಿನಲ್ಲಿಯೂ ಎಣಿಸಿರಲಾರರು. 'ದಿ ಸಿಮ್ಸ್' ಎಂಬ ಕಂಪ್ಯೂಟರ್ ಆಟದಲ್ಲಿ ನಡೆಯುವುದು ಇದೇ. ಗೋಡೆ ಎಬ್ಬಿಸುವುದು, ಒಲೆ ಹೂಡುವುದು, ಸಂಸಾರವೊಂದನ್ನು ಒಳಗೆ ಕರೆತಂದು ಅದರ ಹಸಿವು, ನಿದ್ರೆ, ಮುನಿಸುಗಳನ್ನು ನೋಡಿಕೊಳ್ಳುವುದು; ಗೆದ್ದವರಾರು, ಸೋತವರಾರು ಎಂಬ ಪ್ರಶ್ನೆಯೇ ಇಲ್ಲಿಲ್ಲ. 2000ದಲ್ಲಿ ಹೊರಬಂದ ಈ ಆಟವನ್ನು ಕಲ್ಪಿಸಿದವರು ಅಮೆರಿಕದ ವಿಲ್ ರೈಟ್. 1991ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡ್ ಬೆಟ್ಟಗಳಲ್ಲಿ ಹಬ್ಬಿದ ಬೆಂಕಿಗೆ ಅವರ ಮನೆ ಆಹುತಿಯಾಯಿತು. ಬದುಕನ್ನು ಮತ್ತೆ ಮೊದಲಿನಿಂದ ಜೋಡಿಸಿಕೊಳ್ಳಬೇಕಾದ ಆ ದಿನಗಳ ಅನುಭವವೇ ಈ ಆಟಕ್ಕೆ ಬೀಜವಾಯಿತು. ಗೊಂಬೆಯಾಟವೆಂದು ಮೂಗು ಮುರಿಯುವವರು ಇದನ್ನು ಮರೆಯಬಾರದು.

ಬಸವನಗುಡಿಯ ಮನೆಯೊಂದರ ಮಗಳು ಇದರ ನಾಲ್ಕನೆಯ ಆವೃತ್ತಿಯನ್ನು, ಎಂದರೆ 2014ರಲ್ಲಿ ಬಂದದ್ದನ್ನು, ಆಡುತ್ತ ಬಂದವಳು. ಊರಿನಲ್ಲಿದ್ದ ಅಜ್ಜಿಯ ತೊಟ್ಟಿಮನೆ ಪಾಲಿನ ವ್ಯಾಜ್ಯದಲ್ಲಿ ಕೈಬಿಟ್ಟು ನೆಲಸಮವಾದ ಮೇಲೆ, ಅದನ್ನು ಪರದೆಯ ಮೇಲೆ ಕಟ್ಟಬೇಕೆಂಬ ಹಂಬಲ ಆಕೆಗೆ ಹತ್ತಿತು. ಆದರೆ ಆಟದೊಡನೆ ಬರುವ ಸಾಮಾನುಗಳಲ್ಲಿ ಜಗಲಿಯೂ ಇಲ್ಲ, ಹಂಡೆಯೂ ಇಲ್ಲ. ಮುಂಬಯಿಯ ಬೀದಿಯ ಉಡುಪುಗಳ ಸ್ಫೂರ್ತಿಯಿಂದ ಮಾಡಿದ ಸಣ್ಣದೊಂದು ಕಟ್ಟು 2021ರಲ್ಲಿ ಬಂದದ್ದು ನಿಜ. ಅಜ್ಜಿಯ ಉಡುಗೆಗೆ ಅದರಿಂದ ಏನೂ ಒದಗಲಿಲ್ಲ.

ಆಗ ನೆರವಿಗೆ ಬಂದವರು ಅಜ್ಞಾತ ಕುಶಲಿಗಳು. ಈ ಆಟಕ್ಕಾಗಿ ಕುರ್ಚಿ, ಕಿಟಕಿ, ಕೇಶ, ಸೀರೆಗಳನ್ನು ತಾವೇ ರಚಿಸಿ, ಬಹುಮಟ್ಟಿಗೆ ಬಿಟ್ಟಿಯಾಗಿಯೇ ಹಂಚುವ ಸಹಸ್ರಾರು ಜನ ಲೋಕದಲ್ಲಿದ್ದಾರೆ. ಅವರು ಕೊಟ್ಟ ಕಡತವನ್ನು ತಂದು 'ಮಾಡ್ಸ್' ಎಂಬ ಹೆಸರಿನ ಫೋಲ್ಡರಿನಲ್ಲಿ ಇಟ್ಟರಾಯಿತು, ವಸ್ತು ಆಟದೊಳಗೆ ಪ್ರತ್ಯಕ್ಷ. ಆಕೆ ಕಂಬ ತಂದಳು, ನಾಡಹೆಂಚು ತಂದಳು. ಯಾರೋ ತೋಟದ ಹಕ್ಕಿಗಳಿಗೆಂದು ಮಾಡಿದ ಕಲ್ಲಿನ ಬಾನಿಯನ್ನು ತಂದು ಒರಳುಕಲ್ಲೆಂದು ಕೂರಿಸಿದಳು. ಬಿಟ್ಟಿ ಸಿಗುವ ವಸ್ತುವಿಗೆ ಸಾಕು ಎಂಬ ಮಾತಿಲ್ಲ. ಬೇಕಾದ ಒಂದು ಕಂಬದೊಡನೆ ಬೇಡವಾದ ನಲವತ್ತು ಸೋಫಾಗಳೂ ಬಂದವು. ಮೂರು ವರ್ಷಗಳಲ್ಲಿ ಕಡತಗಳ ಸಂಖ್ಯೆ ಆರು ಸಾವಿರವನ್ನು ಮುಟ್ಟಿತು. ಯಾವುದು ಯಾರದು, ಯಾವಾಗ ಬಂದದ್ದು ಎಂಬ ಗುರುತೊಂದೂ ಇರಲಿಲ್ಲ.

ತಾಯಿ ಪ್ರತಿ ವರ್ಷವೂ ದಸರೆಯ ಗೊಂಬೆಗಳನ್ನು ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ, ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿ ಅಟ್ಟಕ್ಕೇರಿಸುವಾಕೆ. ಮಗಳ ಪರದೆಯನ್ನು ಒಮ್ಮೆ ಇಣುಕಿ ನೋಡಿ, "ಒಳಗೇನಿದೆಯೆಂದು ಬರೆಯದೆ ಅಟ್ಟಕ್ಕೆ ಹಾಕಿದವಳಿಗೆ ನವರಾತ್ರಿಯ ಹಿಂದಿನ ದಿನವೇ ಬುದ್ಧಿ ಬರೋದು ಕಣೇ" ಎಂದಿದ್ದರು. ಮಗಳು ನಕ್ಕು ಸುಮ್ಮನಾಗಿದ್ದಳು.

ಆಟಕ್ಕೆ ಆಗಾಗ ಪರಿಷ್ಕರಣೆಗಳು ಬರುತ್ತವೆ. ಬಂದಾಗಲೆಲ್ಲ ಆಟವು ಹೊರಗಿನ ಈ ಸೇರ್ಪಡೆಗಳನ್ನು ಮುಂಜಾಗ್ರತೆಗಾಗಿ ತಾನೇ ತಡೆಹಿಡಿಯುತ್ತದೆ; ಆಟಗಾರರು ಅನುಮತಿಯನ್ನು ಮತ್ತೆ ಕೊಡಬೇಕು. ಅಂಥದೊಂದು ರಾತ್ರಿ ಆಕೆ ಇದನ್ನು ಗಮನಿಸದೆ ಮನೆಯನ್ನು ತೆರೆದಳು. ಕಂಬಗಳಿಲ್ಲ, ಒರಳಿಲ್ಲ, ಬೋಳು ಗೋಡೆಗಳ ನಡುವೆ, ಬೋಳು ತಲೆಯ ಅಜ್ಜಿ. ಗಾಬರಿಯಲ್ಲಿ ಹೊರಬರುವಾಗ, ಉಳಿಸಲೇ ಎಂದು ಆಟ ಕೇಳಿದ್ದಕ್ಕೆ ಅಭ್ಯಾಸಬಲದಿಂದ ಹೌದೆಂದುಬಿಟ್ಟಳು. ಅನುಮತಿ ಕೊಟ್ಟು ಮತ್ತೆ ತೆರೆದರೆ, ಇಲ್ಲದ ಕಂಬ ಇಲ್ಲದೆಯೇ ಉಳಿಯಿತು. ಸಾಲದ್ದಕ್ಕೆ ಕಟ್ಟುವ ಸಲಕರಣೆಗಳ ಪಟ್ಟಿಯೂ ತೆರೆಯಲೊಲ್ಲದು. ಹಳೆಯದಾದ ಸೇರ್ಪಡೆಯೊಂದು ಹೊಸ ಪರಿಷ್ಕರಣೆಯೊಡನೆ ಜಗಳಕ್ಕೆ ನಿಂತಿತ್ತು. ಆರು ಸಾವಿರದಲ್ಲಿ ಆ ಒಂದು ಯಾವುದು?

ಇದಕ್ಕೆ ಬಲ್ಲವರು ಹೇಳುವ ಉಪಾಯ ಸರಳ. ಅರ್ಧವನ್ನು ಹೊರಗಿಟ್ಟು ಆಟವನ್ನು ತೆರೆಯುವುದು. ದೋಷ ಉಳಿದರೆ ಅದು ಒಳಗಿನ ಅರ್ಧದಲ್ಲಿ, ಮಾಯವಾದರೆ ಹೊರಗಿನದರಲ್ಲಿ. ದೋಷವಿರುವ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ಆರು ಸಾವಿರವಾದರೂ ಹದಿಮೂರು ಸಲಕ್ಕೆ ಒಂದಕ್ಕೆ ಇಳಿಯುತ್ತದೆ. ಲೆಕ್ಕವೇನೋ ಸುಲಭ, ಆದರೆ ಸೀರೆಯ ಬಣ್ಣ ಒಂದು ಕಡತದಲ್ಲಿ, ಅದರ ಆಕೃತಿ ಇನ್ನೊಂದರಲ್ಲಿ ಇರುವುದುಂಟು. ವಿಭಜನೆಯಲ್ಲಿ ಇವೆರಡೂ ಅಗಲಿದರೆ ಇಲ್ಲದ ದೋಷವೊಂದು ಹೊಸದಾಗಿ ಕಾಣುತ್ತದೆ. ಪ್ರತಿ ಸಲವೂ ಚಿತ್ರಗಳ ತಾತ್ಕಾಲಿಕ ಸಂಗ್ರಹದ ಕಡತವನ್ನು ಅಳಿಸಬೇಕು, ಇಲ್ಲವಾದರೆ ತೆಗೆದ ವಸ್ತುವಿನ ನೆರಳು ಕಾಡೀತು. ಎಲ್ಲಕ್ಕಿಂತ ಮುಖ್ಯವಾಗಿ, ಈ ಪರೀಕ್ಷೆಯನ್ನು ಪ್ರೀತಿಯ ಮನೆಯಲ್ಲಿ ಮಾಡಲಾಗದು. ಯಾರೂ ಅಲ್ಲದ ಹೊಸ ಸಂಸಾರವೊಂದನ್ನು ಹೂಡಿ ಅಲ್ಲಿ ಮಾಡಬೇಕು. ಈ ಕೊನೆಯ ಎಚ್ಚರ ಆಕೆಗೆ ಒಂದು ರಾತ್ರಿ ತಡವಾಗಿ ಬಂದಿತ್ತು.

ಎರಡು ಸಂಜೆಗಳ ಮೇಲೆ ಅಪರಾಧಿ ಸಿಕ್ಕಿತು: ಆಟದ ಪಟ್ಟಿಗಳ ರೂಪವನ್ನು ಬದಲಿಸಲೆಂದು ಎಂದೋ ಹಾಕಿ ಮರೆತ ಪುಟ್ಟದೊಂದು ಕಡತ. ಅದರೊಡನೆ ಆಕೆಗೆ ವ್ಯವಸ್ಥೆಯ ಹುಚ್ಚೂ ಹಿಡಿಯಿತು. ಕಂಬ, ಕಿಟಕಿ, ಉಡುಪುಗಳಿಗೆ ಬೇರೆ ಬೇರೆ ಫೋಲ್ಡರುಗಳು, ಅವುಗಳೊಳಗೆ ರಚಿಸಿದವರ ಹೆಸರಿನವು. ಅತಿಯಾದರೆ ಅಲ್ಲಿಯೂ ಕೇಡೇ. ಸಾಮಾನುಗಳ ಕಡತವನ್ನು ಆಟವು ಐದು ಫೋಲ್ಡರುಗಳ ಆಳದವರೆಗೂ ಹುಡುಕಿ ತೆಗೆದೀತು. ಆಟದ ನಡೆಯನ್ನೇ ಬದಲಿಸುವ 'ಸ್ಕ್ರಿಪ್ಟ್' ಕಡತ ಒಂದೇ ಫೋಲ್ಡರಿಗಿಂತ ಒಳಗೆ ಹೋದರೆ ಅದರ ಕಣ್ಣಿಗೆ ಬೀಳುವುದಿಲ್ಲ. ನೂರಾರು ಕಡತಗಳನ್ನು ಬೆಸೆದು ಒಂದೇ ಮಾಡುವ ಸಾಧನವೂ ಉಂಟು. ಆಟ ಬೇಗ ತೆರೆಯುತ್ತದೆ. ಆದರೆ ಕೆಟ್ಟ ಒಂದನ್ನು ಹೆಕ್ಕಿ ತೆಗೆಯುವುದು ಹಿಟ್ಟಿಗೆ ಬೆರೆತ ಉಪ್ಪನ್ನು ಹೆಕ್ಕಿದಂತೆ. ಆಕೆ ಅದರ ಗೋಜಿಗೆ ಹೋಗಲಿಲ್ಲ. ನಾಲ್ಕು ಸಾವಿರ ಕಡತಗಳನ್ನು ಅಳಿಸಿದಳು. ಸೋಫಾಗಳಿಗಾಗಿ ಯಾರೂ ಮರುಗಲಿಲ್ಲ.

ಇನ್ನು ಅಜ್ಜಿಯ ಮನೆ. ಉಳಿಸಿದ ಆಟದ ಹಿಂದಿನ ಕೆಲವು ಪ್ರತಿಗಳನ್ನು ಆಟವು ತಾನಾಗಿಯೇ ಕಾದಿಡುತ್ತದೆಂಬುದು ತಿಳಿದಾಗ ಆಕೆಯ ಕೈ ನಡುಗಿತು. ಎಲ್ಲಕ್ಕಿಂತ ಹಳೆಯ ಪ್ರತಿಯೊಂದೇ ಅನಾಹುತದ ಹಿಂದಿನದಾಗಿತ್ತು. ಅದರ ಹೆಸರನ್ನು ಬದಲಿಸಿ ತೆರೆದಾಗ ಕಂಬಗಳು ನಿಂತಿದ್ದವು, ತೊಟ್ಟಿಯಲ್ಲಿ ಬಿಸಿಲಿತ್ತು, ಅಜ್ಜಿಯ ತುರುಬು ಸ್ವಸ್ಥಾನದಲ್ಲಿತ್ತು. ಇಲ್ಲದ್ದು ಬಚ್ಚಲುಮನೆ ಮಾತ್ರ. ಅದನ್ನು ಕಟ್ಟಿದ್ದು ಆ ಪ್ರತಿಯ ನಂತರ.

ಮರುದಿನ ಊಟವಾದ ಮೇಲೆ ಅದನ್ನು ಮತ್ತೆ ಕಟ್ಟತೊಡಗಿದಳು. ಒಗೆದ ಬಟ್ಟೆ ಮಡಿಸುತ್ತ ಕುಳಿತಿದ್ದ ತಾಯಿ ಎದ್ದು ಬಂದು ಹಿಂದೆ ನಿಂತರು.

"ಹಂಡೆ ಅಲ್ಲಲ್ಲ. ಬಾಗಿಲ ಎಡಕ್ಕೆ."

"ಬಲಕ್ಕಿತ್ತಲ್ಲಮ್ಮ? ನನಗೆ ಚೆನ್ನಾಗಿ ನೆನಪಿದೆ."

"ನೀನು ನೋಡಿದ್ದು ಒಲೆ ಬದಲಾಯಿಸಿದ ಮೇಲೆ. ನಮ್ಮಮ್ಮ ನನಗೆ ಎರೆಯುತ್ತಿದ್ದಾಗ ಎಡಕ್ಕೇ ಇತ್ತು."

ಮಗಳು ಹಂಡೆಯನ್ನು ಎಡಕ್ಕೆ ಸರಿಸಿದಳು. ತಾಯಿ ಕುರ್ಚಿಯೊಂದನ್ನು ಎಳೆದುಕೊಂಡು, ಮಡಿಸದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತರು.