ಮುಳುಗಲು ಕಲಿತ ಚಪ್ಪಲಿ

ಹವಾಯಿ ಚಪ್ಪಲಿಯ ಪಟ್ಟಿ ಹರಿದರೆ ನಮ್ಮ ಮನೆಯಲ್ಲಿ ಖುಷಿಪಡುವವನು ನಾನೊಬ್ಬನೇ. ಹಿಮ್ಮಡಿಯ ಕಡೆ ಎಷ್ಟೇ ಸವೆದಿರಲಿ, ಅಂಗಾಲಿನ ಗುಳಿ ಬರುವ ನಡುಭಾಗ ಮಾತ್ರ ದಪ್ಪಗೆ ಉಳಿದಿರುತ್ತದೆ. ಅಷ್ಟರಲ್ಲಿ ಗಾಳಕ್ಕೆ ನಾಲ್ಕು ಬೆಂಡು ಸಿಗುತ್ತವೆ.

“ರೀ, ಮತ್ತ ಚಪ್ಪಲ್ ಕೊಯ್ಲತ್ತೀರೇನು?” ಅಡುಗೆಮನೆಯಿಂದ ದನಿ ಬರುತ್ತದೆ. ಬ್ಲೇಡಿನ ಸದ್ದು ಅಲ್ಲಿತನಕ ಹೋಗುವುದಿಲ್ಲ. ಛತ್ರಿಯ ಕಡ್ಡಿ ಕಾಯಿಸಿ ತೂತು ಹೊಡೆಯುವಾಗಿನ ಸುಟ್ಟ ವಾಸನೆ ಮಾತ್ರ ಯಾವ ಬಾಗಿಲಿಗೂ ನಿಲ್ಲುವುದಿಲ್ಲ.

ಈ ಹುಚ್ಚು ಹಿಡಿಸಿದವರು ಔರಾದ ಕಡೆಯ ನಮ್ಮ ಸೋದರಮಾವ. ಆಗ ಚಪ್ಪಲಿ ಇಷ್ಟು ಧಾರಾಳವಾಗಿ ಹರಿಯುತ್ತಿರಲಿಲ್ಲ. ಹರಿದರೂ ಮತ್ತೆ ಕಾಲಿಗೇ ಹೋಗುತ್ತಿತ್ತು. ಬಣವೆಯಲ್ಲಿ ಜೋಳದ ಕಣಿಕಿ ಬೇಕಾದಷ್ಟಿತ್ತು. ಸಿಪ್ಪೆ ಸುಲಿದರೆ ಒಳಗೆ ಬೆಳ್ಳನೆ ಬೆಂಡು. ನಾವು ಹುಡುಗರು ಅದರಿಂದ ಬಂಡಿ, ಎತ್ತು, ಚಷ್ಮಾ ಮಾಡಿದರೆ ಮಾಮ ಗೇಣುದ್ದ ಮುರಿದು ಗಾಳಕ್ಕೆ ಕಟ್ಟುತ್ತಿದ್ದರು. ಅದು ಗಂಟೆಯೊಳಗೆ ನೀರು ಕುಡಿದು ಭಾರವಾಗುತ್ತಿತ್ತು. ಮೇಣದಬತ್ತಿ ಕರಗಿಸಿ ಒಮ್ಮೆ ಅದ್ದಿ ತೆಗೆದರೆ ದಿನವಿಡೀ ತಡೆಯುತ್ತದೆ ಎಂದು ಕಂಡುಕೊಂಡವರೂ ಅವರೇ. ಮಾಂಜ್ರಾ ನದಿಯ ದಂಡೆಯಲ್ಲಿ ಕುಳಿತು ನಾನು ಹೆಮ್ಮೆಯಿಂದ, “ಮಾಮಾ, ನಂದು ಛಲೋ ತೇಲ್ತದ” ಅಂದರೆ ಅವರು ನಕ್ಕರು. “ತೇಲೋದು ಕಟ್ಟಿಗಿನೂ ತೇಲ್ತದ. ಮುಳುಗೋದು ಕಲಸು ಅದಕ್ಕ.”

ನನ್ನ ಬೆಂಡುಗಳ ಶಾಸ್ತ್ರವೆಲ್ಲ ಈ ಮಾತೇ. ನಾಲ್ಕು ಗ್ರಾಂ ಹೊರಬಲ್ಲ ಬೆಂಡಿಗೆ ಒಂದೇ ಗ್ರಾಂ ಕಟ್ಟಿ ಬಿಟ್ಟರೆ ಉಳಿದ ಮೂರು ಗ್ರಾಮನ್ನು ಮೀನೇ ಎಳೆದು ಮುಳುಗಿಸಬೇಕು. ಅಷ್ಟು ಕಷ್ಟಪಟ್ಟು ಸಾಯಲು ಬರುವ ಮೀನು ಯಾವ ಕೆರೆಯಲ್ಲಿದೆ? ಎರೆಹುಳು ಬಾಯಿಗಿಟ್ಟುಕೊಂಡಾಗ ದಾರ ಬಿಗಿದದ್ದು ತಿಳಿದರೆ ತಕ್ಷಣ ಉಗುಳುತ್ತದೆ. ಥರ್ಮಾಕೋಲ್ ನನಗೆ ಸೇರದಿರುವುದೂ ಇದಕ್ಕೇ. ಬಾತುಕೋಳಿಯ ಹಾಗೆ ಮೈಯೆಲ್ಲ ಮೇಲಿಟ್ಟು ಕುಣಿಯುತ್ತದೆ, ಸಾಲದ್ದಕ್ಕೆ ಉದುರಿದ ಬಿಳಿಕಾಳು ನೀರಿನಲ್ಲೇ ಉಳಿಯುತ್ತದೆ.

ಚಪ್ಪಲಿಯ ತುಂಡನ್ನು ಬಾರಿಹಣ್ಣಿನಷ್ಟು ಮಾಡಿ ಪಾಲಿಷ್ ಪೇಪರಿನಲ್ಲಿ ಉಜ್ಜುತ್ತೇನೆ. ನೀಲಿ ಪುಡಿ ಉಗುರಿನ ಸಂದಿಯಲ್ಲಿ ಎರಡು ದಿನ ಇರುತ್ತದೆ. ನಡುವೆ ತೂರಿಸಲು ಊದಿನಕಡ್ಡಿ; ಸುಟ್ಟುಳಿದ ಬಿದಿರಿನ ತುದಿ ದೇವರಮನೆಯಲ್ಲಿ ದಿನವೂ ಸಿಗುತ್ತದೆ. ಕೆಲವಕ್ಕೆ ಕೆಂಪು ಬಣ್ಣ ಹಚ್ಚಿರುತ್ತಾರೆ, ತುದಿಗೆ ಬಣ್ಣ ಬಳಿಯುವ ಕೆಲಸ ಉಳಿಯಿತು ಎಂದು ಹಿಗ್ಗಿದ್ದೆ. ಮೊದಲ ದಿನವೇ ಬಣ್ಣ ನೀರುಪಾಲಾಗಿ ಕಡ್ಡಿ ಕಾಣದಾಯಿತು. ಈಗ ಮಗಳ ನೇಲ್ ಪಾಲಿಷ್‌ಗೆ ಕೈ ಹಾಕುತ್ತೇನೆ. ದಾರ ಜಾರದಂತೆ ಹಿಡಿಯಲು ಸೈಕಲ್ಲಿನ ವಾಲ್‌ಟ್ಯೂಬಿನ ಎರಡು ಚೂರು. ಭಾರಕ್ಕೆ ಸೀಸ ಬಿಟ್ಟಿದ್ದೇನೆ. ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತವೆಂದು ಬ್ರಿಟನ್ನಿನಲ್ಲಿ 1987ರಲ್ಲೇ ಗಾಳದ ಸಣ್ಣ ಸೀಸದ ಮಾರಾಟ ನಿಲ್ಲಿಸಿದರು. ನಾನು ಗಾಳ ಹಾಕುವ ಕಾರಂಜಾ ಹಿನ್ನೀರಿಗೆ ಹಂಸ ಬರದಿದ್ದರೂ ಬೇರೆ ಹಕ್ಕಿಗಳಿಗೇನು ಬರ. ಸುಟ್ಟ ಮೋಟಾರಿನ ತಾಮ್ರದ ತಂತಿ ಸುತ್ತಿದರೆ ಆಯಿತು.

ಇದನ್ನೆಲ್ಲ ಪುಂಡರ ಕೆಲಸ ಎನ್ನುವವರಿಗೆ ನಾನು ಒಬ್ಬ ರಾಜನನ್ನು ತೋರಿಸುತ್ತೇನೆ. ಇದೇ ಬೀದರ ಜಿಲ್ಲೆಯ ಕಲ್ಯಾಣದಿಂದ, ಅಂದರೆ ಈಗಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅರಸನ ವಿನೋದಗಳಲ್ಲಿ ಮತ್ಸ್ಯವಿನೋದಕ್ಕೂ ಅದರಲ್ಲಿ ಒಂದು ಅಧ್ಯಾಯ. ಯಾವ ಮೀನಿಗೆ ಯಾವ ಆಹಾರ, ಗಾಳ ಹಾಕುವುದು ಹೇಗೆ, ಎಲ್ಲ ಇದೆ. ಗಾಳಗಾರರ ಬೈಬಲ್ ಎಂದು ಇಂಗ್ಲಿಷರು ಹೊತ್ತು ಮೆರೆಸುವ ಐಸಾಕ್ ವಾಲ್ಟನ್‌ನ ಪುಸ್ತಕ ಬಂದದ್ದು 1653ರಲ್ಲಿ, ಐನೂರು ವರ್ಷ ತಡವಾಗಿ. ರಾಜ್ಯ ಆಳುವವನಿಗೇ ಇದಕ್ಕೆ ಪುರುಸೊತ್ತು ಸಿಕ್ಕಿತ್ತು, ನನಗೆ ಭಾನುವಾರವಾದರೂ ಬೇಡವೆ?

ಭಾನುವಾರ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಕಡೆ ಹೋಗುತ್ತೇನೆ. ಮಾಂಜ್ರಾಕ್ಕೆ ಸೇರುವ ಕಾರಂಜಾವನ್ನು ಅಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿ, ಹಿನ್ನೀರಿನ ಒಂದು ಮೂಲೆ ಹಿಡಿಯುತ್ತೇನೆ. ಕಡ್ಡಿಯ ತುದಿ ಮಾತ್ರ ಮೇಲೆ, ಕಿರುಬೆರಳ ಉಗುರಿನಷ್ಟು ಕೆಂಪು. ಟಿಕ್ ಟಿಕ್ ಎಂದು ನಡುಗಿದರೆ ಜಿಲೇಬಿ ಮೀನು ಹುಳುವನ್ನು ಚೂರುಚೂರೇ ಕೀಳುತ್ತಿದೆ. ಆತುರವಿಲ್ಲದೆ ಪಕ್ಕಕ್ಕೆ ನಡೆದುಹೋದರೆ ಏಡಿ. ಕೆಲವೊಮ್ಮೆ ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗುತ್ತದೆ. ಹೊಸಬರು ಇದನ್ನು ಗಾಳಿಯ ಆಟವೆಂದು ಸುಮ್ಮನಾಗುತ್ತಾರೆ. ತಳದಲ್ಲಿ ಮೇಯುವ ಮೃಗಾಲ್ ಹುಳುವಿನ ಜೊತೆ ಭಾರವನ್ನೂ ಎತ್ತಿಕೊಂಡಿದೆ, ಈಗಲೇ ಎಳೆಯಬೇಕು. ನಾನೂ ಎಷ್ಟೋ ಸಲ ನೋಡುತ್ತ ಕುಳಿತು ಎಳೆಯುವುದನ್ನೇ ಮರೆತಿದ್ದೇನೆ.

ನಿನ್ನೆ ರಾತ್ರಿ ಹೊಸದೊಂದು ಮುಗಿಯಿತು. ಬೀದರದ ನಮ್ಮ ಅಂಗಳದಲ್ಲಿ ಬಕೆಟ್ ತುಂಬಿಸಿ ಬಿಟ್ಟೆ. ಎರಡು ಬೆರಳು ಮೇಲೆ ನಿಂತಿತು. ನಾಲ್ಕು ಸುತ್ತು ತಂತಿ ಹಾಕಿದೆ, ಒಂದು ಬೆರಳಾಯಿತು. ಮತ್ತೆರಡು ಸುತ್ತಿದೆ, ಬುಳಕ್ಕನೆ ತಳ ಕಂಡಿತು. ತೋಳು ಮಡಚಿ ಕೈಹಾಕಿ ತೆಗೆದು ಅರ್ಧ ಸುತ್ತು ಬಿಚ್ಚಿದೆ.

“ಇನ್ನೂ ಆಗಿಲ್ಲೇನ್ರಿ?” ಒಳಗಿನಿಂದ ಕೇಳಿಬಂತು.

ಇನ್ನೊಂದು ಕಾಲು ಸುತ್ತು.