ಕೆಂಚಿಯ ಮೇಲಿನ ಆರೋಪ

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಐದು ಕೋಳಿಗಳು ಎಂದಿನಂತೆ ಕಾಲಿಗೆ ಅಡ್ಡ ಬಂದವು. ಆರನೆಯದು ಮೂಲೆಯಲ್ಲಿ ಗೋಡೆಗೆ ಬೆನ್ನು ಒತ್ತಿಕೊಂಡು ನಿಂತಿತ್ತು. ಎತ್ತಿಕೊಂಡು ನೋಡಿದರೆ ಬಾಲದ ಬುಡದಲ್ಲಿ ಪುಕ್ಕವೇ ಇಲ್ಲ. ಎಂಟಾಣೆಯಗಲ ಚರ್ಮ ಕಿತ್ತು ಹಸಿ ಮಾಂಸ ಕಾಣುತ್ತಿತ್ತು. ಮುಂಗುಸಿ ಬಂದಿರಬೇಕೆಂದು ಜಾಲರಿಯನ್ನೆಲ್ಲ ತಡವಿದೆ, ಎಲ್ಲೂ ತೂತಿಲ್ಲ. ಕೈಯಲ್ಲಿದ್ದ ಕೋಳಿಯನ್ನು ಕೆಳಗಿಟ್ಟಿದ್ದೇ ತಡ, ಉಳಿದವು ಓಡಿಬಂದು ಅದೇ ಗಾಯಕ್ಕೆ ಕುಕ್ಕತೊಡಗಿದವು.

ತುಮಕೂರಿನ ನಮ್ಮ ಮನೆಯ ಹಿಂದೆ ನೀರಿನ ತೊಟ್ಟಿಗೂ ಕಾಂಪೌಂಡಿಗೂ ನಡುವೆ ಆರಡಿ ಉದ್ದ, ನಾಲ್ಕಡಿ ಅಗಲದ ಸಿಮೆಂಟಿನ ಜಾಗವಿದೆ. ಅದಕ್ಕೆ ಜಾಲರಿ ಹೊಡೆಸಿ, ಮೇಲೆ ತಗಡು ಹಾಕಿಸಿ, ಕುಣಿಗಲ್ ಕಡೆಯ ಪರಿಚಿತರೊಬ್ಬರ ತೋಟದಿಂದ ಆರು ಗಿರಿರಾಜ ಕೋಳಿಗಳನ್ನು ತಂದಿದ್ದೆ. ಮಗಳಿಗೆ ಮನೆಯ ಮೊಟ್ಟೆ ತಿನ್ನಿಸುವ ಆಸೆ. ಗಿರಿರಾಜ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಅಡ್ಡಾಡಿ ಮೇಯಲೆಂದೇ ರೂಪಿಸಿದ ತಳಿ. ಅದನ್ನು ತಂದು ನಾನು ಸಿಮೆಂಟಿನ ಮೇಲೆ ಕೂಡಿಹಾಕಿದ್ದೆ. ಆಗ ಅದು ಹೊಳೆಯಲಿಲ್ಲ.

ಹೊಳೆದದ್ದು ಅಪರಾಧಿ ಯಾರೆಂಬುದು. ಕೆಂಪು ಬಣ್ಣದ, ಎಲ್ಲಕ್ಕಿಂತ ದೊಡ್ಡದಾದ ಕೋಳಿಗೆ ಮಗಳು ಕೆಂಚಿ ಅಂತ ಹೆಸರಿಟ್ಟಿದ್ದಳು. ಕಾಳು ಹಾಕಿದರೆ ಅದೇ ಮೊದಲು. ಅಡ್ಡ ಬಂದವುಗಳ ತಲೆಗೆ ಫಟ್ಟನೆ ಕುಕ್ಕುತ್ತಿತ್ತು. ಇನ್ನೇನು ಸಾಕ್ಷಿ ಬೇಕು? ಹಿಂದಿನ ಬೀದಿಯವರೊಬ್ಬರಿಗೆ ಕೊಟ್ಟುಬಿಟ್ಟೆ. ಅವರು ಏನು ಮಾಡಿದರೆಂದು ಕೇಳಲಿಲ್ಲ. ಭಾನುವಾರ ಮಧ್ಯಾಹ್ನ ಮಸಾಲೆಯ ಘಮ ನಮ್ಮ ಅಡುಗೆಮನೆಯ ಕಿಟಕಿಯವರೆಗೂ ಬಂತು. ಮಗಳು ಊಟ ಮಾಡಲಿಲ್ಲ.

ನಾಲ್ಕೇ ದಿನಕ್ಕೆ ಇನ್ನೆರಡು ಕೋಳಿಗಳ ಬೆನ್ನು ಬೋಳಾಯಿತು.

ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿರುವ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಮದುವೆಯಾಗಿ ಹೋದಾಗಿನಿಂದ ತೆಂಗಿನ ತೋಟದಲ್ಲಿ ಕೋಳಿ ಸಾಕಿದವಳು.

'ಕೆದರಾಕೆ ತಿಪ್ಪೆ ಐತಾ?'

'ಸಿಟೀಲಿ ತಿಪ್ಪೆ ಎಲ್ಲಿಂದ ತರಲಿ?'

'ಮತ್ತೆ ಅವು ಏನು ಮಾಡ್ಬೇಕು? ಒಂದರ ಬೆನ್ನ ಇನ್ನೊಂದು ಕೆದರ್ತವೆ.'

ಆಮೇಲೆ ಓದಿ ನೋಡಿದರೆ ತಜ್ಞರು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಕೋಳಿಗಳಲ್ಲಿ ಯಾರು ಯಾರಿಗೆ ಕುಕ್ಕಬಹುದು ಎಂಬ ಶ್ರೇಣಿ ಇರುವುದನ್ನು ನಾರ್ವೆಯ ಷೆಲ್ಡರಪ್-ಎಬ್ಬೆ ಎಂಬಾತ 1920ರ ದಶಕದ ಆರಂಭದಲ್ಲೇ ವಿವರಿಸಿದ್ದ. ಆ ಅಧಿಕಾರದ ಪೆಟ್ಟು ಸಾಮಾನ್ಯವಾಗಿ ಬೀಳುವುದು ತಲೆಗೆ, ಜುಟ್ಟಿಗೆ. ಬೆನ್ನಿನ, ಬಾಲದ ಪುಕ್ಕ ಕೀಳುವುದು ಬೇರೆಯೇ ಚಾಳಿ. ಅದರಲ್ಲಿ ಸಿಟ್ಟಿಲ್ಲ. ನೆಲ ಕೆದಕಿ ಹುಳು ಹುಡುಕಬೇಕಾದ ಕೊಕ್ಕು ಹುಡುಕಲು ಏನೂ ಸಿಗದೆ ಪಕ್ಕದ ಕೋಳಿಯ ಪುಕ್ಕದ ಮೇಲೆ ಹೋಗುತ್ತದೆ. ಇಕ್ಕಟ್ಟು, ಸೆಕೆ, ಮೇವಿನಲ್ಲಿ ಪ್ರೋಟೀನಿನ ಕೊರತೆ, ಮೈಮೇಲಿನ ಹೇನು ಎಲ್ಲವೂ ಇದಕ್ಕೆ ಒತ್ತಾಸೆ. ರಕ್ತ ಕಂಡಿತೋ, ಕೆಂಪು ಬಣ್ಣಕ್ಕೆ ಎಲ್ಲವೂ ಮುಗಿಬೀಳುತ್ತವೆ. 1903ರಲ್ಲಿ ಅಮೆರಿಕದಲ್ಲೊಬ್ಬ ಕೋಳಿಗಳ ಕಣ್ಣಿನ ರಕ್ಷಣೆಗೆಂದು ಕನ್ನಡಕ ಮಾಡಿ ಪೇಟೆಂಟ್ ಪಡೆದಿದ್ದ. ಮುಂದೆ ರಕ್ತ ಕಾಣದಿರಲೆಂದು ಕೆಂಪು ಗಾಜಿನವೂ ಬಂದವು. ಮಗಳಿಗೆ ಹೇಳಿದರೆ ನಕ್ಕಳು. ಕೆಂಚಿ ಹೋದಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅಂದರೆ ಕೆಂಚಿ ಮಾಡಿದ್ದು ತಲೆಗೆ ಕುಕ್ಕುವ ಯಜಮಾನಿಕೆ ಮಾತ್ರ. ಬಾಲದ ಗಾಯ ಅದರದ್ದೇ ಕೆಲಸ ಎನ್ನಲು ನಾನು ಕಣ್ಣಾರೆ ಕಂಡದ್ದೇನೂ ಇರಲಿಲ್ಲ.

ಗಾಯಗೊಂಡದ್ದನ್ನು ಬಚ್ಚಲ ಪಕ್ಕ ಬೇರೆ ಪಂಜರದಲ್ಲಿಟ್ಟೆ, ಉಳಿದವು ಜಾಲರಿಯಾಚೆ ಕಾಣುವ ಹಾಗೆ. ತೀರಾ ಮರೆಮಾಡಿದರೆ ವಾಪಸು ಬಿಟ್ಟಾಗ ಹೊಸಬಳೆಂದು ಬಡಿಯುತ್ತವಂತೆ. ದಿನಕ್ಕೆರಡು ಸಲ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಗಾಯ ತೊಳೆದು, ಪಶುವೈದ್ಯರು ಬರೆದುಕೊಟ್ಟ ನೇರಳೆ ಬಣ್ಣದ ಔಷಧಿ ಹಚ್ಚುತ್ತಿದ್ದೆ. ಅದು ಕೆಂಪನ್ನೂ ಮುಚ್ಚುತ್ತದೆ. ಎಲ್ಲಕ್ಕಿಂತ ಭಯವಾದದ್ದು ನೊಣಕ್ಕೆ. ಗಾಯದಲ್ಲಿ ಮೊಟ್ಟೆಯಿಟ್ಟರೆ ಹುಳ ಬೀಳುತ್ತದೆ. ಪಂಜರಕ್ಕೆ ಹಳೆಯ ಸೊಳ್ಳೆಪರದೆ ಸುತ್ತಿದೆ. ತೊಳೆಯುವಾಗ ಕೋಳಿ ಒಂದಿಷ್ಟೂ ಸದ್ದು ಮಾಡುತ್ತಿರಲಿಲ್ಲ, ಎದೆಯ ಬಡಿತ ಮಾತ್ರ ನನ್ನ ಅಂಗೈಗೆ ತಾಗುತ್ತಿತ್ತು.

ಈ ನಡುವೆ ಜಾಲರಿಯ ಒಂದು ಬದಿ ಕೀಳಿಸಿ, ನನ್ನ ಗುಲಾಬಿ ಕುಂಡಗಳಿದ್ದ ಮಣ್ಣಿನ ಪಟ್ಟಿಯನ್ನೂ ಕೋಳಿಗಳಿಗೇ ಬಿಟ್ಟೆ. ಚಿಕ್ಕಮ್ಮ ಗುಬ್ಬಿ ಬಸ್ಸಿನಲ್ಲಿ ಎರಡು ಚೀಲ ಹೊತ್ತು ತಂದಳು: ತೆಂಗಿನ ನಾರಿನ ಪುಡಿ, ತರಗೆಲೆ, ಒಂದಿಷ್ಟು ಒಣ ಸಗಣಿ. ಸುರಿದ ಕೂಡಲೇ ಐದು ನಿಮಿಷ ಒಂದೂ ತಲೆಯೆತ್ತಲಿಲ್ಲ. ಬರೀ ಅನ್ನ, ಜೋಳದ ನುಚ್ಚು ಹಾಕುತ್ತಿದ್ದ ನಾನು ಮೊಟ್ಟೆಕೋಳಿಯ ಮೇವು ತಂದೆ. ನುಗ್ಗೆಸೊಪ್ಪಿನ ಕಟ್ಟನ್ನು ಎಟುಕುವಷ್ಟು ಎತ್ತರದಲ್ಲಿ ತೂಗುಹಾಕಿದೆ.

ಮೂರು ವಾರಕ್ಕೆ ಗಾಯ ಒಣಗಿತು. ರಾತ್ರಿ ಎಲ್ಲವೂ ಮಲಗಿದ ಮೇಲೆ ಅದನ್ನು ನಡುವೆ ಕೂರಿಸಿದೆ. ಬೆಳಿಗ್ಗೆ ಎರಡು ಕುಕ್ಕು ಬಿದ್ದವು, ತಲೆಗೆ. ಅಷ್ಟೇ. ಆದರೆ ಚಾಳಿ ಪೂರ್ತಿ ಹೋಗಿಲ್ಲ. ಮಚ್ಚೆ ಮಚ್ಚೆಯ ಸಾಧುವಾದ ಕೋಳಿಯೊಂದಿದೆ, ಯಾರ ತಂಟೆಗೂ ಹೋಗದ್ದು. ಮೊನ್ನೆ ಸಂಜೆ ಅದು ಮೆಲ್ಲಗೆ ಪಕ್ಕದ್ದರ ಹಿಂದೆ ನಿಂತು, ಒಂದು ಪುಕ್ಕ ಕಿತ್ತು, ನುಂಗಿ, ಏನೂ ಆಗದ ಹಾಗೆ ನೀರು ಕುಡಿಯಿತು.

ಹಿಂದಿನ ಬೀದಿಯವರು ನಿನ್ನೆ ಕಾಂಪೌಂಡಿನ ಮೇಲಿಂದ ಇಣುಕಿ ಕೇಳಿದರು: 'ಇನ್ನೊಂದು ಕುಕ್ಕೋ ಕೋಳಿ ಇದ್ರೆ ಹೇಳಿ ಮೇಡಂ.'

ಇಲ್ಲ ಅಂದೆ. ಮಚ್ಚೆ ಕೋಳಿ ನನ್ನ ಕಾಲ ಬಳಿಯೇ ತರಗೆಲೆ ಕೆದರುತ್ತಿತ್ತು.